ಬಿಳಿ ಮರಳಿನಿಂದ ಜೌಗಿನವರೆಗೆ: ಎಣ್ಣೆ ಸೋರಿದ ವರ್ಷ ಗಲ್ಫ್ ಕರಾವಳಿಯಲ್ಲಿ

ಗುರುವಾರ: ಅಟ್ಲಾಂಟಾದಿಂದ ಪೆನ್ಸಕೋಲಾ ಬೀಚಿಗೆ

ಫ್ಲೋರಿಡಾದಲ್ಲಿ ಗಲ್ಫ್ ಅಂದರೆ ಮೆಕ್ಸಿಕೋ ಕೊಲ್ಲಿಯ ದಡಕ್ಕಿರುವ ಪೆನ್ಸಕೋಲಾ ಬೀಚಿನ ನೀರಿನ ಟ್ಯಾಂಕ್ ತುಂಬ ದೂರದಿಂದಲೇ ಕಾಣುತ್ತದೆ. ಅದಕ್ಕೆ ಬೀಚ್ ಬಾಲಿನ ಬಣ್ಣದ ಪಟ್ಟೆಗಳನ್ನು ಬಳಿದಿದ್ದಾರೆ. ಸೇತುವೆಯ ಟೋಲ್ ಕಟ್ಟಿ ದ್ವೀಪಕ್ಕೆ ಇಳಿದಾಗ ಸಂಜೆಯಾಗಿತ್ತು. ಅದು 2010ರ ಅಕ್ಟೋಬರ್. ಮಗಳಿಗೆ ಶಾಲೆ ರಜೆ. ಗಂಗೊಳ್ಳಿಯಿಂದ ಬಂದಿದ್ದ ಅಪ್ಪನಿಗೆ ಅಟ್ಲಾಂಟಾದಲ್ಲಿ ಕಡಲೇ ಇಲ್ಲ ಅನ್ನೋದೇ ದೊಡ್ಡ ಬೇಜಾರು. ನಮ್ಮವರು ಕಾರು ತೆಗೆದರು.

ಈ ಪ್ರವಾಸ ಜೂನ್‌ನಲ್ಲೇ ಆಗಬೇಕಿತ್ತು. ಅಷ್ಟರಲ್ಲಿ ಏಪ್ರಿಲ್ 20ರ ರಾತ್ರಿ ಲೂಸಿಯಾನಾದ ದಡದಿಂದ ಸುಮಾರು 66 ಕಿ.ಮೀ. ದೂರದಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಕಡಲಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ ಸ್ಫೋಟಗೊಂಡಿತು. ಹನ್ನೊಂದು ಜನ ಕೆಲಸಗಾರರು ಸತ್ತರು. ಎರಡು ದಿನ ಉರಿದು ರಿಗ್ ಮುಳುಗಿತು. ಅದರ ಕೆಳಗಿದ್ದ ಬಿಪಿ ಕಂಪನಿಯ ಮಕೊಂಡೋ ಬಾವಿ ಇದ್ದದ್ದು ಸುಮಾರು 1,500 ಮೀಟರ್ ಆಳದಲ್ಲಿ. ಅದರ ಬಾಯಿಗೆ ಮುಚ್ಚಳ ಬಿದ್ದದ್ದು ಜುಲೈ 15ಕ್ಕೆ. ಅಲ್ಲಿಯವರೆಗೆ 87 ದಿನ ಎಣ್ಣೆ ಉಕ್ಕುತ್ತಲೇ ಇತ್ತು. ಹೊರಬಂದದ್ದು ಸುಮಾರು 49 ಲಕ್ಷ ಬ್ಯಾರಲ್ ಅಂತ ಸರ್ಕಾರ ಆ ವರ್ಷ ಅಂದಾಜು ಮಾಡಿತು. ಮುಂದೆ 2015ರಲ್ಲಿ ಕೋರ್ಟು ಕಡಲಿಗೆ ಸೇರಿದ್ದು 31.9 ಲಕ್ಷ ಬ್ಯಾರಲ್ ಎಂದು ತೀರ್ಮಾನಿಸಿತು.

ನಾವು ಉಳಿದ ಮೋಟೆಲಿನ ಮಾಲೀಕರು ಗುಜರಾತಿನವರು. ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡಿದವರಿಗೆ ಇದು ಹೊಸದಲ್ಲ. ಅಪ್ಪನನ್ನು ನೋಡಿದ ಕೂಡಲೇ "ಆಯಿಯೇ ಅಂಕಲ್" ಅಂತ ಒಳಗೆ ಕರೆದು ಚಹಾ ಮಾಡಿಸಿದರು. ಆಮೇಲೆ ಬೇಸಿಗೆಯ ಕಥೆ ಹೇಳಿದರು. ಜೂನ್ ಮೊದಲ ವಾರ ಇಲ್ಲಿ ಟಾರ್ ಉಂಡೆ, ಅಂದರೆ ಗಟ್ಟಿಯಾದ ಎಣ್ಣೆಯ ಉಂಡೆ ಬಂತು. ಜೂನ್ 23ಕ್ಕೆ ದಡದ ಉದ್ದಕ್ಕೂ ದಪ್ಪ ಎಣ್ಣೆಯೇ ಬಂದು ಬಿತ್ತು. ಟಿವಿಯವರು ಆ ಚಿತ್ರವನ್ನು ವಾರಗಟ್ಟಲೆ ತೋರಿಸಿದರು. ಜುಲೈ ನಾಲ್ಕರ ರಜೆಗೆ ರೂಮುಗಳು ಖಾಲಿ.

"ಬುಕಿಂಗ್ ಹೋದದ್ದು ನಮಗೆ ಮಾತ್ರ ಅಲ್ಲ. ಎಣ್ಣೆಯೇ ಬಾರದ ಊರುಗಳಲ್ಲೂ ಹೋಯಿತು" ಅಂದರು. ನಿಜ. ಫ್ಲೋರಿಡಾದಲ್ಲಿ ಎಣ್ಣೆ ತಾಗಿದ್ದು ಪಶ್ಚಿಮ ತುದಿಯ ಬೀಚುಗಳಿಗೆ. ಆದರೆ ನೂರಾರು ಮೈಲಿ ದೂರದ ಮಯಾಮಿಯವರಿಗೂ ಫೋನ್ ಬರುತ್ತಿತ್ತು, ನಿಮ್ಮ ಬೀಚ್ ಚೆನ್ನಾಗಿದೆಯಾ ಅಂತ. ಹೊರಗಿನವರಿಗೆ ಫ್ಲೋರಿಡಾ ಅಂದರೆ ಎಲ್ಲ ಒಂದೇ. ಮೇ ತಿಂಗಳಲ್ಲೇ ಬಿಪಿ ಬರೀ ಪ್ರವಾಸೋದ್ಯಮದ ಪ್ರಚಾರಕ್ಕೆ ಅಂತ ಫ್ಲೋರಿಡಾಕ್ಕೆ 2.5 ಕೋಟಿ ಡಾಲರ್, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾಗಳಿಗೆ ತಲಾ 1.5 ಕೋಟಿ ಡಾಲರ್ ಕೊಟ್ಟಿತ್ತು. ಆಗಸ್ಟ್‌ನಲ್ಲಿ ಅಧ್ಯಕ್ಷ ಒಬಾಮಾ ಪನಾಮಾ ಸಿಟಿ ಬೀಚಿಗೆ ಬಂದು ಚಿಕ್ಕ ಮಗಳ ಜೊತೆ ನೀರಿಗಿಳಿದರು. ನೀರು ಚೊಕ್ಕ ಇದೆ ಅಂತ ಜನರಿಗೆ ನಂಬಿಕೆ ಬರಲಿ ಎಂದೇ.

ಬಿಪಿ ಕೊಡುವ ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಅಂತ ನಮ್ಮವರು ಕೇಳಿದರು. "ನನಗೆ ಕಷ್ಟ ಇಲ್ಲ, ಲೆಕ್ಕಪತ್ರ ಇದೆ" ಅಂದರು ಮಾಲೀಕರು. "ರೂಮು ಗುಡಿಸುವ ಹೆಂಗಸರಿಗೆ ಎಲ್ಲಿಂದ ಬರಬೇಕು? ನಾಲ್ಕು ಮನೆ, ಎರಡು ಮೋಟೆಲ್ ಮಾಡಿಕೊಂಡು ಕೈಗೆ ಕಾಸು ತೆಗೆದುಕೊಳ್ಳುವವರು ಅವರು."

ಶುಕ್ರವಾರ: ಮರಳಿನ ಕೆಳಗೆ

ಬೆಳಗ್ಗೆ ಎದ್ದು ನೋಡಿದರೆ ಕಣ್ಣು ಕುಕ್ಕುವಷ್ಟು ಬಿಳಿ ಮರಳು. ಅಪಲಾಚಿಯನ್ ಬೆಟ್ಟಗಳಿಂದ ಸಾವಿರಾರು ವರ್ಷ ಹೊಳೆಗಳು ಹೊತ್ತು ತಂದ ಸ್ಫಟಿಕದ ಪುಡಿ ಇದು. ಒಣ ಮರಳಲ್ಲಿ ಕಾಲೆಳೆದು ನಡೆದರೆ ಕಿರ್ ಕಿರ್ ಅಂತ ಸದ್ದು. ಗಂಗೊಳ್ಳಿಯ ಕಂದು ಮರಳು ನೋಡಿ ಬೆಳೆದ ಅಪ್ಪ ಬಗ್ಗಿ ಒಂದು ಮುಷ್ಟಿ ತೆಗೆದು ಬಹಳ ಹೊತ್ತು ನೋಡಿದರು.

ಬೀಚಿನಲ್ಲಿ ಜನ ಕಡಿಮೆ. ಹಸಿರು ನೀರು, ಮಂದ ಅಲೆ. ಮೇಲ್ನೋಟಕ್ಕೆ ಏನೂ ಆಗಿಯೇ ಇಲ್ಲ. ಮಗಳು ನೀರಿನಂಚಲ್ಲಿ ಗುಂಡಿ ತೋಡುತ್ತಾ ಕೂತಿದ್ದಳು. ಮೊಣಕೈ ಆಳಕ್ಕೆ ಹೋದಾಗ "ಅಜ್ಜಾ, ಇಲ್ಲಿ ಬಣ್ಣ ಬೇರೆ ಇದೆ" ಅಂದಳು. ಬಿಳಿ ಮರಳಿನ ನಡುವೆ ಬೆರಳು ದಪ್ಪದ ಕಂದು ಪಟ್ಟಿ. ಬೇಸಿಗೆಯಲ್ಲಿ ಬಂದ ಎಣ್ಣೆಯ ಮೇಲೆ ಅಲೆಗಳು ಹೊಸ ಮರಳು ತಂದು ಹಾಸಿಬಿಟ್ಟಿದ್ದವು.

ಸ್ವಲ್ಪ ದೂರದಲ್ಲೇ ಟಾರ್ ಉಂಡೆಯೂ ಸಿಕ್ಕಿತು. ಹುಣಸೆ ಬೀಜದಷ್ಟು ಚಿಕ್ಕದು. ಹೊರಗೆ ಮರಳು ಮೆತ್ತಿಕೊಂಡು ಸಾಧಾರಣ ಕಲ್ಲಿನ ಹಾಗೆಯೇ ಇತ್ತು. ಕಡ್ಡಿಯಿಂದ ಒತ್ತಿದರೆ ಒಳಗೆ ಹಳೆ ಜೋನಿ ಬೆಲ್ಲದ ಅಂಟು. ಮೂಗಿನ ಹತ್ತಿರ ತಂದರೆ ಆಗ ತಾನೇ ಹಾಕಿದ ರಸ್ತೆಯ ವಾಸನೆ.

"ಎಂತ ಮಾರಾಯ್ತಿ, ಇದು ನಮ್ಮಲ್ಲಿಗೂ ಬರ್ತದೆ" ಅಂದರು ಅಪ್ಪ. ಹೌದು, ಕಾರವಾರದಿಂದ ಮಂಗಳೂರಿನವರೆಗೆ, ಗೋವಾದಲ್ಲಂತೂ ಇನ್ನೂ ಜಾಸ್ತಿ, ಮಳೆಗಾಲದ ಗಾಳಿ ಎದ್ದ ಕೂಡಲೇ ಇಂಥ ಉಂಡೆಗಳು ದಡಕ್ಕೆ ಬರುತ್ತವೆ. 2009ರ ಜುಲೈನಲ್ಲಿ ಏಷಿಯನ್ ಫಾರೆಸ್ಟ್ ಎಂಬ ಅದಿರಿನ ಹಡಗು ಮಂಗಳೂರಿನ ಹತ್ತಿರ ಮುಳುಗಿದಾಗ ಅದರ ಎಣ್ಣೆಯದ್ದೇ ಎಲ್ಲರಿಗೂ ಚಿಂತೆ. ನಮ್ಮಲ್ಲಿ ಕಾಲಿಗೆ ಅಂಟಿದರೆ ಸೀಮೆಎಣ್ಣೆ ಹಾಕಿ ಉಜ್ಜುವ ರೂಢಿ. ಇಲ್ಲಿನ ಆರೋಗ್ಯ ಇಲಾಖೆಯವರು ಅದು ಚರ್ಮಕ್ಕೆ ಕೆಟ್ಟದ್ದು, ಬೇಬಿ ಆಯಿಲ್ ಇಲ್ಲವೇ ಅಡುಗೆ ಎಣ್ಣೆ ಹಚ್ಚಿ, ಆಮೇಲೆ ಸೋಪು ಹಾಕಿ ಅನ್ನುತ್ತಾರೆ. ತೆಂಗಿನೆಣ್ಣೆ ನಮ್ಮ ಚೀಲದಲ್ಲೇ ಇತ್ತು. ಚೆನ್ನಾಗಿ ಬಿಟ್ಟಿತು.

ಮಧ್ಯಾಹ್ನ ಫೋರ್ಟ್ ಪಿಕೆನ್ಸ್‌ಗೆ ಹೋದೆವು. 1834ರಲ್ಲಿ ಮುಗಿದ ಇಟ್ಟಿಗೆಯ ಕೋಟೆ. ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ನಾಯಕ ಜೆರೊನಿಮೊನನ್ನು 1886ರಿಂದ 1888ರವರೆಗೆ ಇಲ್ಲೇ ಸೆರೆ ಇಟ್ಟಿದ್ದರು. ಆಗ ಅವನನ್ನು ನೋಡಲು ಪ್ರವಾಸಿಗರು ದೋಣಿಯಲ್ಲಿ ಬರುತ್ತಿದ್ದರಂತೆ. ಅದನ್ನು ಓದಿ ಮನಸ್ಸು ಕಹಿಯಾಯಿತು.

ಕೋಟೆಯ ಕಡೆಯ ದಡ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ಶುಚಿ ಮಾಡುವವರ ತಂಡ ಇತ್ತು. ರಬ್ಬರ್ ಬೂಟು, ಕೈಗವಸು, ಉದ್ದ ಹಿಡಿಕೆಯ ಜಾಳಿಗೆ. ಒಬ್ಬೊಬ್ಬರೂ ಬಗ್ಗಿ ಒಂದು ಸಲಿಕೆ ಮರಳು ಎತ್ತಿ, ಜಾಲಾಡಿಸಿ, ಉಳಿದ ಕಪ್ಪು ಚೂರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು. ಮತ್ತೆ ಅರ್ಧ ಹೆಜ್ಜೆ ಮುಂದೆ. ಊರಿನ ಬೀಚಿಗೆ ದೊಡ್ಡ ಜರಡಿ ಯಂತ್ರ ಬರುತ್ತದೆ. ಇಲ್ಲಿ ಹಕ್ಕಿ, ಆಮೆಗಳ ಗೂಡಿನ ಜಾಗ ಇರುವುದರಿಂದ ಕೈಯಲ್ಲೇ ಮಾಡಬೇಕು. ಆ ತಂಡದಲ್ಲಿದ್ದ ಒಬ್ಬ ಹುಡುಗ ಹಿಂದಿನ ವರ್ಷ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದನಂತೆ. ಹೋಟೆಲಿನವರು ಬೇಡ ಅಂದಾಗ ಇದಕ್ಕೆ ಸೇರಿದ್ದ.

ಶನಿವಾರ: ಸಿಗಡಿ ಹಬ್ಬ

ರಾಜ್ಯದ ಗಡಿ ದಾಟಿ ಅಲಬಾಮಾದ ಗಲ್ಫ್ ಶೋರ್ಸ್‌ಗೆ ಒಂದು ಗಂಟೆಯ ದಾರಿ. ಪ್ರತಿ ಅಕ್ಟೋಬರ್‌ನಲ್ಲಿ ಇಲ್ಲಿ ರಾಷ್ಟ್ರೀಯ ಸಿಗಡಿ ಹಬ್ಬ ನಡೆಯುತ್ತದೆ. ಆ ವರ್ಷವೂ ನಿಲ್ಲಿಸಿರಲಿಲ್ಲ. ಕಡಲ ಪಕ್ಕದಲ್ಲೇ ಸಾಲು ಡೇರೆ, ಬ್ಯಾಂಡು, ಕರಿದ ಸಿಗಡಿಯ ಘಮ. ಪೆನ್ಸಕೋಲಾದ ಖಾಲಿ ದಡ ನೋಡಿ ಬಂದಿದ್ದ ನಮಗೆ ಇಷ್ಟು ಜನ ಕಂಡಾಗ ಸಮಾಧಾನ ಅನ್ನಿಸಿತು.

ಅಪ್ಪ ಗಂಗೊಳ್ಳಿ ಬಂದರಿನ ಐಸ್ ಪ್ಲಾಂಟ್‌ನಲ್ಲಿ ಕೆಲಸ ಮಾಡಿದವರು. ಮೀನು ತಾಜಾ ಹೌದೋ ಅಲ್ಲವೋ ಅಂತ ಕಿವಿರು ಎತ್ತಿ ನೋಡದೆ ತಿನ್ನುವವರಲ್ಲ. ಸಿಗಡಿ ತಟ್ಟೆ ಕೈಗೆ ಬಂದ ಕೂಡಲೇ ಮೂಸಿದರು. ಮಾರುತ್ತಿದ್ದ ಹೆಂಗಸಿಗೆ ಬೇಜಾರಾಗುತ್ತದೋ ಅಂತ ನನಗೆ ಮುಜುಗರ. ಅವರು ಮಾತ್ರ ನಗುತ್ತಾ "ಮೂಸಿ ಮೂಸಿ, ಈ ವರ್ಷ ಎಲ್ಲರೂ ಮೂಸುತ್ತಾರೆ. ಸರ್ಕಾರದವರೂ ಮೂಸಿಯೇ ಕಳಿಸಿದ್ದಾರೆ" ಅಂದರು.

ಅದು ತಮಾಷೆಯ ಮಾತಲ್ಲ. ಮಿಸಿಸಿಪ್ಪಿಯ ಪಾಸ್ಕಗೂಲಾದಲ್ಲಿ ಸರ್ಕಾರದ ಮೀನು ತಪಾಸಣೆಯ ಲ್ಯಾಬ್ ಇದೆ. ಅಲ್ಲಿ ಮೂಗಿಗೆ ತರಬೇತಿ ಕೊಟ್ಟ ಪರಿಣತರು ಮೀನು, ಸಿಗಡಿಯನ್ನು ಹಸಿಯದ್ದೊಮ್ಮೆ, ಬೇಯಿಸಿದ್ದೊಮ್ಮೆ ಮೂಸಿ ನೋಡುತ್ತಿದ್ದರು. ಎಣ್ಣೆಯ ಸುಳಿವು ಸಿಕ್ಕಿದರೆ ಆ ಜಾಗ ತೆರೆಯುವಂತಿಲ್ಲ. ಅದಾದ ಮೇಲೆ ರಾಸಾಯನಿಕ ಪರೀಕ್ಷೆ ಬೇರೆ. ಜೂನ್ ಶುರುವಿನಲ್ಲಿ ಗಲ್ಫ್‌ನ ಸುಮಾರು 2,29,000 ಚದರ ಕಿ.ಮೀ. ಕಡಲಲ್ಲಿ ಮೀನುಗಾರಿಕೆ ಬಂದ್ ಆಗಿತ್ತು. ನಮ್ಮ ಇಡೀ ಕರ್ನಾಟಕಕ್ಕಿಂತ ದೊಡ್ಡ ಜಾಗ ಅದು. ನಾವು ಹೋಗುವ ಹೊತ್ತಿಗೆ ಅದರಲ್ಲಿ ಬಹುಪಾಲು ತೆರೆದಿತ್ತು. ಅಪ್ಪ ಇನ್ನೊಂದು ತಟ್ಟೆ ತೆಗೆದುಕೊಂಡರು.

ಸಂಜೆ ದಡದ ಮೇಲೆ ಆಮೆ ಗೂಡು ಕಾಯುವ ಸ್ವಯಂಸೇವಕಿ ಒಬ್ಬರು ಸಿಕ್ಕಿದರು. ಆ ಬೇಸಿಗೆಯಲ್ಲಿ ಇವರಂಥವರು ಮಾಡಿದ ಕೆಲಸ ಕೇಳಿ ನಾವೆಲ್ಲ ಸುಮ್ನೆ ನಿಂತುಬಿಟ್ಟೆವು. ಮರಿಗಳು ಹೊರಬಂದರೆ ನೇರ ಎಣ್ಣೆಗೇ ಹೋಗುತ್ತವೆ. ಅದಕ್ಕೆ ಅಲಬಾಮಾ ಮತ್ತು ಫ್ಲೋರಿಡಾದ ಈ ಭಾಗದ ಗೂಡುಗಳಿಂದ 25,000ಕ್ಕೂ ಹೆಚ್ಚು ಮೊಟ್ಟೆಗಳನ್ನು ಕೈಯಲ್ಲಿ ಅಗೆದು ತೆಗೆದರು. ಮೊಟ್ಟೆ ಗೂಡಲ್ಲಿ ಯಾವ ಬದಿ ಮೇಲಾಗಿತ್ತೋ ಪೆಟ್ಟಿಗೆಯಲ್ಲೂ ಅದೇ ಬದಿ ಮೇಲಿರಬೇಕು. ಮಗುಚಿದರೆ ಒಳಗಿನ ಮರಿ ಸಾಯಬಹುದು. ಕೆಳಗೆ ಅದೇ ಗೂಡಿನ ಒದ್ದೆ ಮರಳು. ಅಲುಗಾಡದಂತೆ ಲಾರಿಯಲ್ಲಿ ಅಟ್ಲಾಂಟಿಕ್ ದಡದ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಸಾಗಿಸಿದರು. 14,000ಕ್ಕೂ ಹೆಚ್ಚು ಮರಿಗಳು ಅಲ್ಲಿಂದ ಕಡಲಿಗೆ ಇಳಿದವು. ನಮ್ಮ ಕುಂದಾಪುರದ ಕೋಡಿಯಲ್ಲೂ ಕಡಲಾಮೆಯ ಗೂಡಿಗೆ ಮೀನುಗಾರರೇ ಬೇಲಿ ಕಟ್ಟಿ ಕಾಯುತ್ತಾರೆ ಅಂತ ಅಪ್ಪ ಹೇಳಿದರು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಆ ಹೆಂಗಸು ಅಪ್ಪನ ಎರಡೂ ಕೈ ಹಿಡಿದುಕೊಂಡರು.

ಭಾನುವಾರ: ಫೆರಿ ದಾಟಿ ಪಶ್ಚಿಮಕ್ಕೆ

ಫೋರ್ಟ್ ಮಾರ್ಗನ್‌ನಿಂದ ಡಾಫಿನ್ ಐಲ್ಯಾಂಡ್‌ಗೆ ಕಾರು ಸಮೇತ ಫೆರಿ. ಮೊಬೈಲ್ ಕೊಲ್ಲಿಯ ಬಾಯಲ್ಲಿ ಅನಿಲ ತೆಗೆಯುವ ಕಟ್ಟೆಗಳು ನೀರಿನ ನಡುವೆ ಕಾಲೂರಿ ನಿಂತಿದ್ದವು. ದಾರಿಯುದ್ದಕ್ಕೂ ಕಾಣುತ್ತಲೇ ಇದ್ದವು.

ಆಚೆ ದಡದ ಬಾಯೂ ಲಾ ಬಾಟ್ರಿ ಪ್ರವಾಸಿಗರ ಊರಲ್ಲ. ಸಿಗಡಿ ದೋಣಿ ಕಟ್ಟುವ, ಸಿಗಡಿ ಸಿಪ್ಪೆ ಬಿಡಿಸುವ, ಏಡಿ ಬಿಡಿಸುವ ಊರು. ಇಲ್ಲಿ ಬಹಳ ಜನ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಮೂಲದವರು. ಗಲ್ಫ್ ಶೋರ್ಸ್‌ನ ಹಬ್ಬದ ತಟ್ಟೆಯ ಹಿಂದೆ ಇರುವುದು ಇಂಥ ಊರುಗಳೇ. ಮೀನುಗಾರಿಕೆ ನಿಂತಾಗ ಬಿಪಿ ಇಲ್ಲಿನ ದೋಣಿಗಳನ್ನೇ ಎಣ್ಣೆ ಹಿಡಿಯಲು ಬಾಡಿಗೆಗೆ ತೆಗೆದುಕೊಂಡಿತ್ತು. ದೋಣಿಯ ಉದ್ದ ನೋಡಿ ದಿನಕ್ಕೆ 1,200 ಡಾಲರಿನಿಂದ ಮೇಲೆ. ದೋಣಿ ಇದ್ದವರಿಗೆ ಅದು ಒಳ್ಳೆಯ ದುಡ್ಡೇ. ಸಿಪ್ಪೆ ಬಿಡಿಸುವ ಹೆಂಗಸರ ಹತ್ತಿರ ದೋಣಿ ಎಲ್ಲಿದೆ? ಹೊರೆಗಟ್ಟಲೆ ಇಂಗ್ಲಿಷ್ ಫಾರಂ ತುಂಬಿ ಪರಿಹಾರ ಕೇಳಬೇಕು. ನಮ್ಮ ಬಂದರುಗಳಲ್ಲೂ ಮೀನು ಹೆಕ್ಕುವ, ಬುಟ್ಟಿ ಹೊರುವ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ ಅಲ್ವಾ?

ಬಿಲಾಕ್ಸಿಯಲ್ಲಿ ಊಟ, ರಾತ್ರಿಗೆ ನ್ಯೂ ಆರ್ಲಿಯನ್ಸ್.

ಸೋಮವಾರ: ಗ್ರ್ಯಾಂಡ್ ಐಲ್

ನ್ಯೂ ಆರ್ಲಿಯನ್ಸ್‌ನಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಮೇಲಿನ ದಾರಿ. ಹೋದಂತೆ ಹೋದಂತೆ ನೆಲ ಕಡಿಮೆಯಾಗುತ್ತದೆ, ನೀರು ಜಾಸ್ತಿಯಾಗುತ್ತದೆ. ಲೀವಿಲ್‌ನ ಎತ್ತರದ ಸೇತುವೆ ಹತ್ತಿದಾಗ ಎರಡೂ ಕಡೆ ಕಣ್ಣು ಹರಿದಷ್ಟು ದೂರ ಹುಲ್ಲು, ನಡುನಡುವೆ ನೀರಿನ ಹಾಳೆ. 1932ರಿಂದ 2010ರವರೆಗೆ ಲೂಸಿಯಾನಾದ ಕರಾವಳಿ ಸುಮಾರು 4,900 ಚದರ ಕಿ.ಮೀ. ನೆಲ ಕಳೆದುಕೊಂಡಿದೆ. ಮಿಸಿಸಿಪ್ಪಿ ನದಿಗೆ ಒಡ್ಡು ಕಟ್ಟಿ ಹೂಳು ಬಾರದಂತೆ ಮಾಡಿದ್ದು ಒಂದು ಕಾರಣ. ಎಣ್ಣೆ ಕಂಪನಿಗಳು ಜೌಗಿನಲ್ಲಿ ಕಾಲುವೆ ತೋಡಿದ್ದು ಇನ್ನೊಂದು. ಉಳಿದ ನೆಲವನ್ನು ಹಿಡಿದಿರುವುದು ಈ ಹುಲ್ಲಿನ ಬೇರು.

ಗ್ರ್ಯಾಂಡ್ ಐಲ್‌ನ ಮನೆಗಳೆಲ್ಲ ಕಂಬಗಳ ಮೇಲೆ. ಇವನ್ನು ಕ್ಯಾಂಪ್ ಅನ್ನುತ್ತಾರೆ. ಇಲ್ಲಿಗೆ ಬರುವವರು ಬಿಳಿ ಮರಳಿಗೆ ಬರುವವರಲ್ಲ, ಗಾಳ ಹಾಕಲು ಬರುವವರು. ಜುಲೈ ಕೊನೆಯಲ್ಲಿ ಇಲ್ಲಿ ನಡೆಯುವ ಹಳೆಯ ಟಾರ್ಪನ್ ಮೀನಿನ ಸ್ಪರ್ಧೆ ಆ ವರ್ಷ ನಡೆಯಲಿಲ್ಲ. ಇಲ್ಲಿನ ಒಂದು ಮನೆಯಂಗಳದಲ್ಲಿ ನೆಟ್ಟ 101 ಬಿಳಿ ಶಿಲುಬೆಗಳ ಚಿತ್ರ ಬೇಸಿಗೆಯಲ್ಲಿ ಎಲ್ಲ ಪೇಪರುಗಳಲ್ಲೂ ಬಂದಿತ್ತು. ಒಂದೊಂದು ಶಿಲುಬೆಯ ಮೇಲೂ ಕಳೆದುಕೊಂಡ ಒಂದೊಂದರ ಹೆಸರು. ಸಿಗಡಿ, ಕಂದು ಪೆಲಿಕನ್, ದಡದ ಮೇಲೆ ನಡೆಯುವುದು.

ಊರಲ್ಲಿ ರೂಮು ಸಿಗಲಿಲ್ಲ. ಎಲ್ಲ ಭರ್ತಿ, ಆದರೆ ಇದ್ದವರೆಲ್ಲ ಶುಚಿ ಕೆಲಸದ ಕಂಟ್ರಾಕ್ಟಿನವರು. ಗಾಳದ ಹುಳ ಮಾರುವ ಅಂಗಡಿಗೂ, ದೋಣಿಯವರಿಗೂ ವ್ಯಾಪಾರವಿಲ್ಲ.

ಗಾಳ ಹಾಕುವವರನ್ನು ಕರೆದೊಯ್ಯುವ ಒಬ್ಬ ಕ್ಯಾಪ್ಟನ್ ನಮ್ಮನ್ನು ಬರಟೇರಿಯಾ ಕೊಲ್ಲಿ ತೋರಿಸಲು ಒಪ್ಪಿದರು. ಅರುವತ್ತು ದಾಟಿದ ಮನುಷ್ಯ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಇಲ್ಲವೇ ಇಲ್ಲ. ಆದರೂ ಎಂಜಿನ್ನು, ಬಲೆ, ಗಾಳಿ ಅಂತ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡರು.

ಒಂದು ಗಂಟೆ ಹೋದ ಮೇಲೆ ಕ್ಯಾಪ್ಟನ್ ಎಂಜಿನ್ ಆರಿಸಿ ದೋಣಿಯನ್ನು ಹುಲ್ಲಿನಂಚಿಗೆ ತಂದರು. ಒಳಗಡೆ ಹಸಿರು ಹುಲ್ಲು. ಅಂಚಿನಲ್ಲಿ ಮಾತ್ರ ಕೆಲವು ಮೀಟರ್ ಅಗಲಕ್ಕೆ ಎಲ್ಲ ಸತ್ತು ಮಲಗಿದೆ. ದಂಟುಗಳ ಮೇಲೆ ಒಂದೇ ಎತ್ತರಕ್ಕೆ ಕಪ್ಪು ಗೆರೆ, ಉಬ್ಬರ ಬಂದಾಗ ಎಣ್ಣೆ ನಿಂತ ಗುರುತು. ಅಪ್ಪ ಕೈಚಾಚಿ ಒಂದು ದಂಟು ಎಳೆದರು. ಬೇರು ಸಮೇತ ಸಲೀಸಾಗಿ ಬಂತು. ಬೇರಿನ ಸುತ್ತ ಮಣ್ಣೇ ಇಲ್ಲ. ಎಳೆದ ಜಾಗದಿಂದ ನೀರಿನ ಮೇಲೆ ಸಣ್ಣ ಬಣ್ಣದ ಪೊರೆ ಎದ್ದು ಅಗಲವಾಯಿತು.

"ಬೀಚಾದರೆ ಜರಡಿ ಹಿಡಿಯಬಹುದು. ಇದನ್ನು ಏನು ಮಾಡುತ್ತೀರಿ?" ಅಂದರು ಕ್ಯಾಪ್ಟನ್. ಜನ ಇಳಿದು ತುಳಿದರೆ ಎಣ್ಣೆ ಇನ್ನೂ ಕೆಳಗೆ ಬೇರಿಗೆ ಇಳಿಯುತ್ತದೆ. ಹುಲ್ಲು ಕತ್ತರಿಸಿದರೆ ದಂಡೆ ಕುಸಿಯುತ್ತದೆ. ಹಾಗಾಗಿ ಎಷ್ಟೋ ಕಡೆ ಮುಟ್ಟದೆ ಬಿಡುವುದೇ ಕಡಿಮೆ ಕೇಡು ಅಂತ ತಜ್ಞರೇ ಹೇಳಿದ್ದರು. ಅದು ಸರಿ ಇರಬಹುದು. ಆದರೆ ಟಿವಿ ಜಾಹೀರಾತಿನಲ್ಲಿ "ನಮ್ಮ ಕರಾವಳಿ ಸ್ವಚ್ಛವಾಗಿದೆ, ಬನ್ನಿ" ಅಂತ ತೋರಿಸುವುದು ಪೆನ್ಸಕೋಲಾದಂಥ ದಡಗಳನ್ನು. ಆ ಮಾತು ಅಲ್ಲಿಗೆ ಸುಮಾರಾಗಿ ನಿಜ. ಪ್ರವಾಸಿಗರ ಕಣ್ಣು ಬೀಳುವಲ್ಲಿ ಯಂತ್ರ, ಜನ, ಕ್ಯಾಮೆರಾ ಎಲ್ಲ ಬಂದವು. ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುವ ಜಾಗ ಈ ಹುಲ್ಲು. ಇದರ ಚಿತ್ರ ಯಾವ ಜಾಹೀರಾತಿನಲ್ಲೂ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ.

ಕ್ಯಾಪ್ಟನ್ನರಿಗೆ ಎಣ್ಣೆಯ ಮೇಲೆ ಸಿಟ್ಟಿರಲಿಲ್ಲ. ಅವರ ಮಗನೇ ರಿಗ್‌ನಲ್ಲಿ ಕೆಲಸಕ್ಕಿದ್ದ. ಹತ್ತಿರದ ಪೋರ್ಟ್ ಫೂಷೋನ್‌ನಿಂದಲೇ ಗಲ್ಫ್‌ನ ಆಳಕಡಲಿನ ರಿಗ್‌ಗಳಿಗೆ ಹೆಚ್ಚಿನ ಸಾಮಾನು ಹೋಗುವುದು. ಇದೇ ರಾಜ್ಯದ ಮಾರ್ಗನ್ ಸಿಟಿಯಲ್ಲಿ 1936ರಿಂದಲೂ ನಡೆದುಬಂದ ಹಬ್ಬದ ಹೆಸರೇ 'ಶ್ರಿಂಪ್ ಆ್ಯಂಡ್ ಪೆಟ್ರೋಲಿಯಂ ಫೆಸ್ಟಿವಲ್'. ಒಂದೇ ಮನೆಯಲ್ಲಿ ಒಬ್ಬ ಸಿಗಡಿಗೆ, ಒಬ್ಬ ರಿಗ್ಗಿಗೆ. ದೂರದಲ್ಲಿ ಕೂತು ಕಂಪನಿ ಮುಚ್ಚಿಸಿ ಅನ್ನುವುದು ಸುಲಭ.

"ಡೆಕ್ಕಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಎಂತ ಕೊಟ್ಟರು ಕೇಳು" ಅಂದರು ಅಪ್ಪ. ನಾನು ಕೇಳಿದೆ. ಹಿಂದಿನ ವರ್ಷದ ಸಂಪಾದನೆಗೆ ದಾಖಲೆ ಬೇಕು ಅಂದರಂತೆ. ದೋಣಿಯಲ್ಲಿ ದುಡಿದು ನಗದು ತೆಗೆದುಕೊಂಡ ಇಬ್ಬರಿಗೆ ಕ್ಯಾಪ್ಟನ್ನೇ ಪತ್ರ ಬರೆದುಕೊಟ್ಟಿದ್ದರು. ಅದು ಇನ್ನೂ ಎಲ್ಲೋ ಇತ್ತು. ತುರ್ತು ಪರಿಹಾರದ ಅರ್ಜಿಗೆ ನವೆಂಬರ್ 23 ಕೊನೆ.

ಮಂಗಳವಾರ: ನ್ಯೂ ಆರ್ಲಿಯನ್ಸ್, ವಾಪಸ್

ಬೆಳಗ್ಗೆ ಫ್ರೆಂಚ್ ಕ್ವಾರ್ಟರ್ ಸುತ್ತಿದೆವು. ಊಟಕ್ಕೆ ಕೂತ ಕಡೆ ಸಿಂಪಿ ಟೆಕ್ಸಸ್‌ನಿಂದ ಬಂದದ್ದು ಅಂದರು. ಲೂಸಿಯಾನಾದ ಸಿಂಪಿ ಬಹಳಷ್ಟು ಸತ್ತಿದ್ದವು, ಅದೂ ಬರೀ ಎಣ್ಣೆಯಿಂದ ಅಲ್ಲ. ಎಣ್ಣೆಯನ್ನು ಹೊರಗೆ ತಳ್ಳಲು ಮಿಸಿಸಿಪ್ಪಿಯ ತೂಬು ತೆರೆದು ಸಿಹಿನೀರು ಬಿಟ್ಟಿದ್ದರು. ಸಿಂಪಿಗೆ ಉಪ್ಪು ಸಾಲದೆ ಹೋಯಿತು. ಅದೇ ದಿನ ಟಿವಿಯಲ್ಲಿ ಸುದ್ದಿ: ಆಳಕಡಲಿನಲ್ಲಿ ಬಾವಿ ಕೊರೆಯುವುದಕ್ಕೆ ಹಾಕಿದ್ದ ನಿಷೇಧವನ್ನು ಸರ್ಕಾರ ತೆಗೆದಿದೆ. ಪಕ್ಕದ ಮೇಜಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಮರುವರ್ಷ, 2011ರ ಬೇಸಿಗೆಯಲ್ಲಿ, ಗಲ್ಫ್ ಶೋರ್ಸ್‌ಗೆ ದಾಖಲೆಯ ಜನ ಬಂದರು. ಫ್ಲೋರಿಡಾ, ಅಲಬಾಮಾ, ಮಿಸಿಸಿಪ್ಪಿಯಲ್ಲಿ ಶುಚಿ ಕೆಲಸ 2013ರ ಜೂನ್‌ಗೆ ಮುಗಿಯಿತು ಅಂತ ಸಾರಿದರು. ಗ್ರ್ಯಾಂಡ್ ಐಲ್‌ನ ಪಕ್ಕದ ಈಸ್ಟ್ ಗ್ರ್ಯಾಂಡ್ ಟೆರ್ ದ್ವೀಪದಲ್ಲಿ ಅದೇ ಜೂನ್‌ನಲ್ಲಿ ಮರಳು ಬೆರೆತ ಸುಮಾರು 18 ಟನ್ ತೂಕದ ಟಾರ್ ಚಾಪೆ ಸಿಕ್ಕಿತ್ತು. ಲೂಸಿಯಾನಾದ ಕೆಲಸ ನಿಂತದ್ದು 2014ರ ಏಪ್ರಿಲ್‌ನಲ್ಲಿ.

ಈಗ ಆ ಕಡೆ ಹೋಗುವವರು ಗ್ರ್ಯಾಂಡ್ ಐಲ್‌ನಿಂದ ದೋಣಿ ಮಾಡಿಕೊಂಡು ಕ್ವೀನ್ ಬೆಸ್ ದ್ವೀಪದ ಹತ್ತಿರ ಹೋಗಿ ಬನ್ನಿ. ಕೀಟನಾಶಕದಿಂದ 1960ರ ದಶಕದಲ್ಲಿ ಲೂಸಿಯಾನಾದ ಕಂದು ಪೆಲಿಕನ್ ಪೂರ್ತಿ ಅಳಿದುಹೋಗಿತ್ತು. ಫ್ಲೋರಿಡಾದಿಂದ ಮರಿ ತಂದು ಮತ್ತೆ ಬೆಳೆಸಿದರು. 2009ರ ನವೆಂಬರ್‌ನಲ್ಲಿ ಆ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು. ಆರು ತಿಂಗಳಿಗೆ ಎಣ್ಣೆ ಬಂತು. ಕ್ವೀನ್ ಬೆಸ್‌ನಲ್ಲಿ ಹಕ್ಕಿ ಗೂಡು ಕಟ್ಟಲು ಉಳಿದಿದ್ದ ಜಾಗ ಬರೀ ಐದು ಎಕರೆಯಷ್ಟು. ಪರಿಹಾರದ ಹಣದಲ್ಲಿ ಮರಳು ತುಂಬಿ, ಗಿಡ ನೆಟ್ಟು, 2020ರ ಹೊತ್ತಿಗೆ ಅದನ್ನು 37 ಎಕರೆ ಮಾಡಿದರು. ಅದೇ ವರ್ಷ ಪೆಲಿಕನ್‌ಗಳು ಬಂದು ಗೂಡು ಕಟ್ಟಿದವು. ಗೂಡಿನ ಕಾಲದಲ್ಲಿ ದ್ವೀಪದ ಮೇಲೆ ಯಾರೂ ಇಳಿಯುವಂತಿಲ್ಲ. ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ. ದೋಣಿ ಮಾತ್ರ ಅಲ್ಲಿನ ಊರವರದ್ದೇ ಮಾಡಿಕೊಳ್ಳಿ.